ರಂಗನತಿಟ್ಟೋ, ಕೊಕ್ಕರೆ ಬೆಳ್ಳೂರೋ, ಗುಡವಿಯೋ? ಮೊದಲು ಕ್ಯಾಲೆಂಡರ್ ನೋಡಿ

ದಸರಾ ರಜೆ ಹತ್ತಿರ ಬಂದ ಹಾಗೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ನನ್ನ ಹತ್ತಿರ ಬರುತ್ತದೆ. "ಮಕ್ಕಳಿಗೆ ಹಕ್ಕಿ ತೋರಿಸಬೇಕು. ರಂಗನತಿಟ್ಟಿಗೆ ಹೋಗೋದಾ, ಕೊಕ್ಕರೆ ಬೆಳ್ಳೂರಿಗಾ? ಯಾರೋ ಗುಡವಿ ಚೆನ್ನಾಗಿದೆ ಅಂದ್ರು. ಯಾವುದು ಒಳ್ಳೇದು?" ನಾನು ತಿರುಗಿ ಕೇಳುವುದೂ ಒಂದೇ ಪ್ರಶ್ನೆ. "ಯಾವ ತಿಂಗಳು ಹೊರಟಿದ್ದೀರಿ?"

ಈ ಬುದ್ಧಿ ನನಗೆ ಸುಮ್ನೆ ಬಂದದ್ದಲ್ಲ. ಹಲವು ವರ್ಷಗಳ ಹಿಂದೆ ಮಾರ್ಚ್ ಕೊನೆಯಲ್ಲಿ ಮಲೆನಾಡಿನ ಗುಡವಿಗೆ ಹೋಗಿದ್ದೆ. ಯಾರೋ ಹಂಚಿಕೊಂಡಿದ್ದ ಫೋಟೋ ನೋಡಿ ಮರುಳಾಗಿದ್ದೆ. ನೀರಲ್ಲಿ ನಿಂತ ಮರಗಳ ತುಂಬ ಬೆಳ್ಳಗೆ ಹೂ ಬಿಟ್ಟ ಹಾಗೆ ಹಕ್ಕಿಗಳು. ಬೆಂಗಳೂರಿನಿಂದ ರಾತ್ರಿ ಬಸ್ಸು, ಆಮೇಲೆ ಇನ್ನೊಂದು ಬಸ್ಸು, ಆಮೇಲೆ ಆಟೋ. ಹೋಗಿ ನೋಡಿದರೆ ಮರಗಳಿದ್ದವು, ಹಳೆಯ ಗೂಡುಗಳಿದ್ದವು, ಒಂದು ಮಿಂಚುಳ್ಳಿ ಇತ್ತು. ಅಲ್ಲಿದ್ದ ಹಿರಿಯರೊಬ್ಬರು ನನ್ನ ಬೈನಾಕ್ಯುಲರ್ ನೋಡಿ, "ಈಗ ಬಂದ್ರಾ? ಮಳೆಗಾಲದಲ್ಲಿ ಬರೋದಲ್ವಾ" ಎಂದು ನಕ್ಕರು. ಫೋಟೋ ತೆಗೆದದ್ದು ಯಾವಾಗ ಎಂದು ವಿಚಾರಿಸುವ ಗೋಜಿಗೇ ನಾನು ಹೋಗಿರಲಿಲ್ಲ.

ಹಾಗಾಗಿ ಈ ಹೋಲಿಕೆಯಲ್ಲಿ ತಿಂಗಳಿಗೆ ಮೊದಲ ಸ್ಥಾನ. ನಾನು ಇಲ್ಲಿ ಹೇಳುವುದೆಲ್ಲ ನೀರಿನ ಜಾಗಗಳು. ನದಿಯ ನಡುಗಡ್ಡೆ, ಜೌಗು, ಕೆರೆ, ಅಳಿವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಹಕ್ಕಿಗಳು ಬರುವುದು ಸಂಸಾರ ಮಾಡಲಿಕ್ಕೆ. ಮರಿಗಳು ಬಾಯಿ ತೆರೆದು ಕೂರುವ ಹೊತ್ತಿಗೆ ಸುತ್ತಮುತ್ತ ಮೀನು ಧಾರಾಳವಾಗಿ ಸಿಗಬೇಕು. ಮರದ ಹತ್ತಿರ ಕಾಡುಬೆಕ್ಕು, ನರಿ ಸುಳಿಯಬಾರದು. ಈ ಎರಡೂ ಕೂಡಿ ಬರುವ ಕಾಲ ಮಲೆನಾಡಿನಲ್ಲಿ ಒಂದು, ಕಾವೇರಿ ಸೀಮೆಯಲ್ಲಿ ಇನ್ನೊಂದು. ಗದಗದ ಕೆರೆಗೆ ಬರುವ ಹಕ್ಕಿಗಳ ಲೆಕ್ಕವೇ ಬೇರೆ. ಅವು ಬರುವುದು ಚಳಿ ತಪ್ಪಿಸಿಕೊಳ್ಳಲು.

ಎರಡನೆಯದು, ಜೊತೆಗೆ ಯಾರಿದ್ದಾರೆ ಅನ್ನುವುದು. ಮಂಡಿನೋವಿನ ಅಮ್ಮನ ಜೊತೆ ಹೋಗುವುದಕ್ಕೂ, ಮೂರು ತಾಸು ಒಂದೇ ಕಡೆ ಕಲ್ಲಿನಂತೆ ಕೂರುವ ಫೋಟೋಗ್ರಾಫರ್ ಗೆಳೆಯನ ಜೊತೆ ಹೋಗುವುದಕ್ಕೂ ಎಷ್ಟು ವ್ಯತ್ಯಾಸ! ಆಮೇಲೆ, ನಿಮಗೆ ಬೇಕಾದದ್ದು ಏನು? ಗೂಡು ಮರಿಗಳನ್ನು ಹತ್ತಿರದಿಂದ ನೋಡುವುದಾ, ಸಾವಿರಾರು ಹಕ್ಕಿ ಒಟ್ಟಿಗೆ ಏಳುವುದನ್ನು ನೋಡುವುದಾ, ಅಥವಾ ಒಂದೇ ದಿನ ಐವತ್ತು ಬಗೆ ಲೆಕ್ಕ ಹಾಕುವುದಾ? ಕೊನೆಗೆ ದುಡ್ಡು. ಟಿಕೆಟ್ಟಿಗಿಂತ ಹೋಗಿ ಬರುವ ಖರ್ಚೇ ಜಾಸ್ತಿ ಅನ್ನುವುದನ್ನು ಮರೆಯಬೇಡಿ.

ರಂಗನತಿಟ್ಟು: ಯಾರನ್ನು ಬೇಕಾದರೂ ಕರೆದುಕೊಂಡು ಹೋಗಬಹುದಾದ ಜಾಗ

ಶ್ರೀರಂಗಪಟ್ಟಣದಿಂದ ಮೂರ್ನಾಲ್ಕು ಕಿಲೋಮೀಟರ್. ಮೈಸೂರಿನಿಂದ ಅರ್ಧ ಗಂಟೆ ದಾರಿ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಕಾವೇರಿಗೆ ಕಟ್ಟಿದ ಒಡ್ಡಿನಿಂದ ಇಲ್ಲಿ ಪುಟ್ಟ ಪುಟ್ಟ ನಡುಗಡ್ಡೆಗಳಾದವು. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿಗೆ ಬಂದು, ಹಕ್ಕಿಗಳನ್ನು ಕಂಡು, ಮೈಸೂರು ಅರಸರಿಗೆ ಹೇಳಿ 1940ರಲ್ಲಿ ಪಕ್ಷಿಧಾಮ ಮಾಡಿಸಿದರು. 2022ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಗೆ, ಸೇರಿತು. ಕರ್ನಾಟಕಕ್ಕೆ ಅದೇ ಮೊದಲನೆಯದು. ಇಷ್ಟು ಹೆಸರಿದ್ದರೂ ಜಾಗ ಒಂದು ಚದರ ಕಿಲೋಮೀಟರ್ ಕೂಡ ಇಲ್ಲ, 0.67 ಅಷ್ಟೇ. ಇದು ಚಿಕ್ಕದಾಗಿರುವುದೇ ಇದರ ಲಾಭ. ಹಕ್ಕಿಯನ್ನು ಹುಡುಕಿಕೊಂಡು ಅಲೆಯಬೇಕಿಲ್ಲ.

ದೋಣಿಯೇ ಇಲ್ಲಿನ ಹೆಚ್ಚುಗಾರಿಕೆ. ಹುಟ್ಟು ಹಾಕುತ್ತ ಅಂಬಿಗರು ನಡುಗಡ್ಡೆಯ ಪಕ್ಕಕ್ಕೇ ಕರೆದೊಯ್ಯುತ್ತಾರೆ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್), ಚಮಚದಂಥ ಕೊಕ್ಕಿನ ಕೊಕ್ಕರೆ, ಬಿಳಿ ಕೆಂಬರಲು (ಐಬಿಸ್), ರೆಕ್ಕೆ ಹರಡಿ ಒಣಗಿಸಿಕೊಳ್ಳುವ ನೀರುಕಾಗೆ, ಹಾವಿನಂತೆ ಕುತ್ತಿಗೆ ಮಾತ್ರ ಮೇಲೆತ್ತಿ ಈಜುವ ಹಾವಕ್ಕಿ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆ ಬೇರೆ. ಮಕ್ಕಳಿಗೆ ಹಕ್ಕಿಗಿಂತ ಮೊಸಳೆಯೇ ಹೆಚ್ಚು ಇಷ್ಟವಾಗುತ್ತದೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಬೈನಾಕ್ಯುಲರ್ ಇಲ್ಲದೆಯೂ ಎಲ್ಲ ಕಾಣುತ್ತದೆ. ನಡೆಯಲಾಗದ ಹಿರಿಯರಿದ್ದರೆ ದಡದಲ್ಲಿ ನೆರಳಿದೆ, ಕೂರಲು ಬೆಂಚಿದೆ, ಶೌಚಾಲಯವಿದೆ. ಇಷ್ಟೆಲ್ಲ ಒಂದೇ ಕಡೆ ಸಿಗುವ ಪಕ್ಷಿಧಾಮ ನಮ್ಮಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅನಿಸಿಕೆ.

ಈಗ ಕಷ್ಟದ ಭಾಗ. ಭಾನುವಾರ ಹನ್ನೊಂದು ಗಂಟೆಗೆ ಹೋದರೆ ದೋಣಿಗೆ ಉದ್ದ ಸಾಲು. ದೋಣಿ ಹತ್ತಿದ ಮೇಲೆ ಸಿಗುವುದು ಇಪ್ಪತ್ತು ನಿಮಿಷದ ಆಚೀಚೆ. ಪಕ್ಕದವರ ಮಗು ಕಿರುಚುತ್ತಿರುತ್ತದೆ, ಹಿಂದಿನವರು ಸೆಲ್ಫಿಗೆ ಎದ್ದು ನಿಲ್ಲುತ್ತಾರೆ. ಫೋಟೋ ತೆಗೆಯುವವರಿಗೆ ಇದು ಸಾಲುವುದಿಲ್ಲ. ಅವರು ನಾಲ್ಕು ಜನ ಸೇರಿ ಪ್ರತ್ಯೇಕ ದೋಣಿ ಮಾಡಿಕೊಳ್ಳುವುದು ಒಳ್ಳೆಯದು. ಪ್ರವೇಶ, ದೋಣಿ, ಪಾರ್ಕಿಂಗ್, ಕ್ಯಾಮೆರಾ ಎಲ್ಲಕ್ಕೂ ಬೇರೆ ಬೇರೆ ಶುಲ್ಕ. ನಾಲ್ಕು ಜನರ ಕುಟುಂಬ ಎಲ್ಲವನ್ನೂ ಕೂಡಿಸಿದಾಗ, ಈ ಬರಹದಲ್ಲಿರುವ ಜಾಗಗಳಲ್ಲಿ ಗೇಟಿನಲ್ಲೇ ಹೆಚ್ಚು ಖರ್ಚಾಗುವುದು ಇಲ್ಲಿ.

ಇನ್ನೊಂದು ವಿಷಯ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ಇಲ್ಲಿ ದೋಣಿ ನಿಲ್ಲುತ್ತದೆ. ನಡುಗಡ್ಡೆಗಳೇ ಮುಳುಗುವುದೂ ಉಂಟು. ಜುಲೈ, ಆಗಸ್ಟ್‌ನಲ್ಲಿ ಹೊರಡುವ ಹಿಂದಿನ ದಿನ ಅಣೆಕಟ್ಟೆಯ ಸುದ್ದಿ ನೋಡಿ. ದೋಣಿ ಇಲ್ಲದ ರಂಗನತಿಟ್ಟು ಅಂದರೆ ದಡದ ಮೇಲಿನ ಒಂದು ಒಳ್ಳೆಯ ಪಾರ್ಕು, ಅಷ್ಟೇ. ಇಲ್ಲಿ ವರ್ಷವಿಡೀ ಯಾವುದಾದರೂ ಹಕ್ಕಿ ಇದ್ದೇ ಇರುತ್ತದೆ ನಿಜ. ಆದರೆ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡಿನ ಗದ್ದಲ ನೋಡಬೇಕಾದರೆ ಜನವರಿಯಿಂದ ಏಪ್ರಿಲ್. ಅದರಲ್ಲೂ ವಾರದ ನಡುವೆ, ಬಾಗಿಲು ತೆಗೆದ ಕೂಡಲೇ.

ಕೊಕ್ಕರೆ ಬೆಳ್ಳೂರು: ಕಾಸು ಕಡಿಮೆ, ಸೊಗಸು ಜಾಸ್ತಿ

ಮೊದಲೇ ಒಂದು ಎಚ್ಚರಿಕೆ. ಮ್ಯಾಪಿನಲ್ಲಿ ಬರೀ ಬೆಳ್ಳೂರು ಎಂದು ಹಾಕಬೇಡಿ. ನಮ್ಮ ಸಂಬಂಧಿಕರೊಬ್ಬರು ಹಾಗೆ ಹಾಕಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನಲ್ಲಿ ಹೋಗಿ ನಿಂತು, "ಇಲ್ಲಿ ಒಂದು ಕೊಕ್ಕರೆಯೂ ಇಲ್ಲವಲ್ಲ" ಎಂದು ಫೋನ್ ಮಾಡಿದ್ದರು. ಕೊಕ್ಕರೆಗಳ ಬೆಳ್ಳೂರು ಇರುವುದು ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಯ ಹತ್ತಿರ. ಬೆಂಗಳೂರಿನಿಂದ ಎಂಬತ್ತು ಕಿಲೋಮೀಟರ್ ಚಿಲ್ಲರೆ. ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದ ಹತ್ತಿರ ತಿರುಗಬೇಕು. ಎಕ್ಸ್‌ಪ್ರೆಸ್ ರಸ್ತೆಯಲ್ಲಿ ಹಾರಿಕೊಂಡು ಹೋದರೆ ತಿರುವು ತಪ್ಪುತ್ತದೆ. ಮೊದಲೇ ಪಕ್ಕದ ಸರ್ವಿಸ್ ರಸ್ತೆಗೆ ಇಳಿದುಬಿಡಿ. ಬೈಕಿನವರಿಗಂತೂ 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್ ರಸ್ತೆಯೇ ಇಲ್ಲ, ಹಾಗಾಗಿ ಅವರು ದಾರಿ ತಪ್ಪುವುದೂ ಇಲ್ಲ.

ಇದು ಪಕ್ಷಿಧಾಮವಲ್ಲ, ಊರು. ಮನೆ ಹಿತ್ತಿಲ ಹುಣಸೆ ಮರ, ರಸ್ತೆ ಬದಿಯ ಅರಳಿ ಮರ, ಅದರ ಕೆಳಗೆ ಎತ್ತಿನ ಗಾಡಿ, ಮೇಲೆ ಹೆಜ್ಜಾರ್ಲೆಯ ಸಂಸಾರ. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಹೆಚ್ಚು ಅಗಲವಾಗುವ ಹಕ್ಕಿ ನಿಮ್ಮ ತಲೆಯ ಮೇಲೆ ವಿಮಾನದ ಹಾಗೆ ಇಳಿಯುತ್ತದೆ. ಪಕ್ಕದ ಮರದಲ್ಲಿ ಬಣ್ಣದ ಕೊಕ್ಕರೆಗಳು. ದೊಡ್ಡ ಕೊಕ್ಕರೆಗಳಿಗೆ ಕೂಗುವ ದನಿ ಇಲ್ಲ ಅನ್ನಬಹುದು, ಕೊಕ್ಕಿಗೆ ಕೊಕ್ಕು ಬಡಿದು ಟಕಟಕ ಮಾಡುತ್ತವೆ. ಆ ಕೊರತೆಯನ್ನು ಮರಿಗಳು ತುಂಬುತ್ತವೆ. ಇಡೀ ಊರಿಗೆ ಕೇಳುವಷ್ಟು ಗಲಾಟೆ.

ರಂಗನತಿಟ್ಟಿನಲ್ಲಿ ಗೂಡುಗಳಿಗೆ ನದಿಯೇ ಕಾವಲು. ಮೊಸಳೆ ತುಂಬಿದ ನೀರು ದಾಟಿ ಯಾವ ಬೆಕ್ಕು ಬಂದೀತು? ಬೆಳ್ಳೂರಿನಲ್ಲಿ ಮರದ ಬುಡದಲ್ಲಿ ನೀರಿಲ್ಲ. ಇಲ್ಲಿ ಕಾವಲು ಜನರದು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಈ ಹಕ್ಕಿಗಳನ್ನು ಕರೆಯುತ್ತಾರೆ. ಹಕ್ಕಿ ಕೂತ ಮರದ ಹುಣಸೆ ಕೈಗೆ ಸಿಗುವುದಿಲ್ಲ, ಅದಕ್ಕೆ ಅರಣ್ಯ ಇಲಾಖೆ ಮರದ ಯಜಮಾನರಿಗೆ ಒಂದಿಷ್ಟು ಪರಿಹಾರ ಕೊಡುತ್ತದೆ. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಊರಿನ ಹುಡುಗರು ಸೇರಿ ಕಟ್ಟಿದ ಹೆಜ್ಜಾರ್ಲೆ ಬಳಗ ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿ ಬಿಟ್ಟಿದೆ. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಹಾಗೆಂದು ಎಲ್ಲ ಸುಖವಾಗಿಲ್ಲ. 2017ರ ಕೊನೆ ಮತ್ತು 2018ರಲ್ಲಿ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಹೊಟ್ಟೆಯಲ್ಲಿ ಸೇರಿದ ಜಂತುಹುಳು ಕಾರಣ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಮೀನು ತಿನ್ನುವ ಹಕ್ಕಿಯ ಆರೋಗ್ಯವೆಲ್ಲ ಸುತ್ತಲಿನ ಕೆರೆಗಳ ಮೇಲೇ ನಿಂತಿದೆ.

ಕೊರತೆಗಳನ್ನೂ ಹೇಳಿಬಿಡುತ್ತೇನೆ. ದೋಣಿ ಇಲ್ಲ, ಮೊಸಳೆ ಇಲ್ಲ, ಹೋಟೆಲ್ ಎಂದು ಹೇಳಿಕೊಳ್ಳುವಂಥದ್ದಿಲ್ಲ. ತಿಂಡಿ ಚನ್ನಪಟ್ಟಣದಲ್ಲೋ ಮದ್ದೂರಿನಲ್ಲೋ ಮುಗಿಸಿ. ಮೀನಿನ ವಾಸನೆ ಮೂಗಿಗೆ ಬಡಿಯುತ್ತದೆ. ಟೋಪಿ ಹಾಕಿಕೊಳ್ಳದಿದ್ದರೆ ತಲೆಯ ಮೇಲೆ ಪ್ರಸಾದ ಖಂಡಿತ. ಕಾಣುವ ಬಗೆಗಳೂ ಕಡಿಮೆ, ಪಟ್ಟಿ ಉದ್ದ ಮಾಡುವವರಿಗೆ ನಿರಾಸೆ. ಆದರೆ ಎರಡೇ ಬಗೆಯ ಹಕ್ಕಿಯನ್ನು ಗೂಡು ಕಟ್ಟುವುದರಿಂದ ಮರಿ ಹಾರುವವರೆಗೆ ಹೀಗೆ ಹತ್ತಿರದಿಂದ ನೋಡುವ ಭಾಗ್ಯ ಬೇರೆ ಕಡೆ ಸಿಗುವುದು ಕಷ್ಟ. ಗೇಟಿಲ್ಲ, ಸಾಲಿಲ್ಲ, ಗಡಿಯಾರವಿಲ್ಲ. ಮೂರು ತಾಸು ಕೂತರೂ ಯಾರೂ ಎಬ್ಬಿಸುವುದಿಲ್ಲ.

ಹಕ್ಕಿಗಳು ಚಳಿಗಾಲದ ಆರಂಭದಲ್ಲಿ ಬರತೊಡಗಿ ಮೇ ಹೊತ್ತಿಗೆ ಹೊರಡುತ್ತವೆ. ಫೆಬ್ರವರಿ, ಮಾರ್ಚ್ ಉತ್ತಮ. ಜೀವನದಲ್ಲಿ ಒಂದೇ ಒಂದು ಕಡೆ ಕರೆದುಕೊಂಡು ಹೋಗು ಎಂದರೆ ನಾನು ಫೆಬ್ರವರಿಯ ಬೆಳ್ಳೂರನ್ನೇ ಆರಿಸುತ್ತೇನೆ.

ಒಂದೇ ದಿನ ಎರಡೂ ಆಗುತ್ತದಾ? ಆಗುತ್ತದೆ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು ಏಳೂವರೆಗೆ ಬೆಳ್ಳೂರು, ಹತ್ತಕ್ಕೆ ಅಲ್ಲಿಂದ ಎದ್ದು ರಂಗನತಿಟ್ಟು. ಆದರೆ ರಂಗನತಿಟ್ಟಿಗೆ ನೆತ್ತಿ ಸುಡುವ ಬಿಸಿಲಲ್ಲಿ ತಲುಪುತ್ತೀರಿ. ಹಾಗಾಗಿ ಶ್ರೀರಂಗಪಟ್ಟಣದಲ್ಲಿ ಊಟ ಮುಗಿಸಿ, ದೇವಸ್ಥಾನ ನೋಡಿ, ಮೂರೂವರೆಯ ಮೇಲೆ ದೋಣಿ ಹತ್ತಿ. ಸಂಜೆ ಹಕ್ಕಿಗಳು ಗೂಡಿಗೆ ಮರಳುವ ಹೊತ್ತು, ನೋಟ ಚೆಂದ.

ಮಲೆನಾಡಿನವು: ಕೊಡೆ ಹಿಡಿದು ನೋಡುವ ಹಕ್ಕಿಗಳು

ಗುಡವಿ ಸೊರಬ ತಾಲ್ಲೂಕಿನಲ್ಲಿದೆ. ಸೊರಬದಿಂದ ಸುಮಾರು ಹದಿನಾರು ಕಿಲೋಮೀಟರ್. ಬನವಾಸಿಯೂ ದೂರವಿಲ್ಲ. ಮಳೆ ಬಿದ್ದು ಕೆರೆ ತುಂಬಿ ಮರಗಳ ಬುಡ ಮುಳುಗಿದ ಮೇಲೆ ಇಲ್ಲಿ ಹಕ್ಕಿಗಳ ಕಾಲ ಶುರು. ಜೂನ್‌ನಲ್ಲಿ ಬರತೊಡಗುತ್ತವೆ, ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮರ ಕಾಣದಷ್ಟು ತುಂಬುತ್ತವೆ, ಅಕ್ಟೋಬರ್, ನವೆಂಬರ್‌ವರೆಗೂ ನೋಡಬಹುದು. ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. ಕೆಂಬರಲು ಅಂದರೆ ಮೈಯೆಲ್ಲ ಬಿಳಿ, ತಲೆ ಕತ್ತು ಬೋಳು ಕಪ್ಪು, ಕೊಕ್ಕು ಕುಡುಗೋಲಿನ ಹಾಗೆ ಬಾಗಿದ ಹಕ್ಕಿ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಕೆರೆಯ ಅಂಚಿನಲ್ಲಿ ನಡೆಯಲು ದಾರಿ ಇದೆ, ವೀಕ್ಷಣಾ ಗೋಪುರವಿದೆ. ದೋಣಿಯ ಗಡಿಬಿಡಿಯಿಲ್ಲ. ಜನ ಕಡಿಮೆ. ಇಲ್ಲಿ ಬೈನಾಕ್ಯುಲರ್ ಬೇಕೇ ಬೇಕು, ಹಕ್ಕಿಗಳು ನೀರಿನ ನಡುವೆ ಇರುತ್ತವೆ. ಮಳೆಯಲ್ಲಿ ಕ್ಯಾಮೆರಾ ನೆನೆಯದಂತೆ ನೋಡಿಕೊಳ್ಳಬೇಕು. ಉಂಬಳ (ಜಿಗಣೆ) ಕಾಲಿಗೆ ಹತ್ತುತ್ತದೆ, ಸುಣ್ಣವೋ ನಶ್ಯವೋ ಜೇಬಿನಲ್ಲಿರಲಿ. ಬಸ್ಸು ನಂಬಿಕೊಂಡು ಹೋಗುವುದು ಕಷ್ಟ. ಸಾಗರದಲ್ಲೋ ಶಿರಸಿಯಲ್ಲೋ ಉಳಿದುಕೊಂಡು ಬೆಳಿಗ್ಗೆ ಗಾಡಿ ಮಾಡಿಕೊಂಡು ಹೋಗುವುದೇ ಸರಿ. ಬೆಂಗಳೂರಿನವರಿಗೆ ಇದು ಕನಿಷ್ಠ ಎರಡು ದಿನದ ಖರ್ಚು. ಬರೀ ಗುಡವಿಗಾಗಿ ಅಷ್ಟು ದೂರ ಬರಬೇಕಾ ಎಂದು ಮನೆಯವರು ಕೇಳಿದರೆ ಜೋಗ, ಬನವಾಸಿಯ ಮಧುಕೇಶ್ವರ ದೇವಸ್ಥಾನದ ಹೆಸರು ಹೇಳಿ. ಆಗಸ್ಟ್‌ನಲ್ಲಿ ಜೋಗ ನೋಡಲು ಯಾರೂ ಬೇಡ ಅನ್ನುವುದಿಲ್ಲ.

ಅಂದಹಾಗೆ, ದಸರಾ ರಜೆಯ ಪ್ರಶ್ನೆಗೆ ನನ್ನ ಉತ್ತರ ಗುಡವಿ. ಬಹಳ ಜನ ದಸರಾಕ್ಕೆ ಮೈಸೂರಿಗೆ ಹೋಗಿ, ಹಾಗೇ ರಂಗನತಿಟ್ಟಿಗೂ ಒಂದು ಸುತ್ತು ಎಂದುಕೊಳ್ಳುತ್ತಾರೆ. ಆಗ ಅಲ್ಲಿ ಜನವೇ ಹೆಚ್ಚು. ಕೊಕ್ಕರೆಗಳ ಗೂಡಿನ ಕಾಲ ಇನ್ನೂ ಬಂದಿರುವುದಿಲ್ಲ. ಬೆಳ್ಳೂರಿನ ಮರಗಳೂ ಆಗ ಕಾಯುತ್ತಿರುತ್ತವೆ.

ಮಂಡಗದ್ದೆಯ ಬಗ್ಗೆ ಎರಡೇ ಮಾತು ಸಾಕು. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯಲ್ಲಿ, ಶಿವಮೊಗ್ಗದಿಂದ ಮೂವತ್ತು ಕಿಲೋಮೀಟರ್. ತುಂಗೆಯ ನಡುವೆ ಒಂದು ಪುಟ್ಟ ನಡುಗಡ್ಡೆ, ಅಲ್ಲಿಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ರಸ್ತೆ ಬದಿಯಲ್ಲಿ ನಿಂತೇ ನೋಡಬಹುದು. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕಾಗಿಯೇ ಬೆಂಗಳೂರಿನಿಂದ ಹೊರಡಬೇಡಿ. ಜುಲೈಯಿಂದ ಸೆಪ್ಟೆಂಬರ್ ನಡುವೆ ತೀರ್ಥಹಳ್ಳಿಗೆ, ಶೃಂಗೇರಿಗೆ ಹೋಗುವ ದಾರಿಯಾದರೆ ಮಾತ್ರ ಗಾಡಿ ನಿಲ್ಲಿಸದೆ ಹೋಗಬೇಡಿ. ಬೆಳಿಗ್ಗೆಯಾದರೆ ಅದೇ ದಾರಿಯ ಸಕ್ರೆಬೈಲಿನಲ್ಲಿ ಆನೆಗಳ ಸ್ನಾನವೂ ಸಿಗುತ್ತದೆ.

ಬಯಲುಸೀಮೆಯ ಕೆರೆಗಳು

ಹುಬ್ಬಳ್ಳಿ, ಗದಗ, ಹೊಸಪೇಟೆ ಕಡೆಯವರು ನನ್ನ ಮೇಲೆ ಸಿಟ್ಟಾಗುವ ಮುಂಚೆ ಹೇಳಿಬಿಡುತ್ತೇನೆ. ನೀವು ಮಂಡ್ಯಕ್ಕೆ ಬರಬೇಕಿಲ್ಲ. ಚಳಿಗಾಲದಲ್ಲಿ ನಿಮ್ಮ ಹತ್ತಿರವೇ ಇರುವುದನ್ನು ನೋಡಲು ನಾವು ಬರಬೇಕು.

ಮಾಗಡಿ ಕೆರೆ ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿದೆ, ಗದಗದಿಂದ ಇಪ್ಪತ್ತಾರು ಕಿಲೋಮೀಟರ್. ಇದಕ್ಕೂ ಬೆಳ್ಳೂರಿನ ಕಥೆಯೇ. ಕೆಂಪೇಗೌಡರ ಮಾಗಡಿ ಬೇರೆ, ಇದು ಬೇರೆ. ಇಲ್ಲಿಗೆ ನವೆಂಬರ್ ಹೊತ್ತಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಗೆ ಹಿಂದೆ ಎರಡು ಕಪ್ಪು ಪಟ್ಟೆ, ಅದೇ ಗುರುತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಇದು. ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಷ್ಟು ಎತ್ತರ ಹಾರಿ ಬಂದ ಹಕ್ಕಿ ಇಲ್ಲಿ ಕೆರೆ ಅಂಚಿನ ಕೆಸರಿನಲ್ಲಿ ಮನೆಯ ಬಾತಿನ ಹಾಗೆ ಒಂಟಿ ಕಾಲಲ್ಲಿ ನಿಂತು ತೂಕಡಿಸುತ್ತಿರುತ್ತದೆ. ನೋಡಿದರೆ ನಗು ಬರುತ್ತದೆ.

ಕತ್ತಲಾದ ಮೇಲೆ ಇವು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ. ಹಾಗಾಗಿ ಬೇರೆ ಕಡೆಯ ಹಾಗೆ ಬೆಳಗಿನ ಜಾವದ ಧಾವಂತ ಬೇಡ. ಆದರೆ ಹೆಬ್ಬಾತುಗಳ ಹಿಂಡು ಸಾಲುಗಟ್ಟಿ ಬಂದು ಇಳಿಯುವುದನ್ನು ನೋಡಬೇಕಾದರೆ ಸೂರ್ಯ ಹುಟ್ಟುವಾಗಲೇ ಅಲ್ಲಿರಬೇಕು. ನೆರಳು ಕಡಿಮೆ, ಬಯಲು ಜಾಸ್ತಿ. ಹಕ್ಕಿಗಳು ದೂರದಲ್ಲಿರುತ್ತವೆ. ಮೊಬೈಲ್ ಫೋಟೋಕ್ಕೆ ಚುಕ್ಕೆಗಳು ಮಾತ್ರ ಬೀಳುತ್ತವೆ. ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡಿನ ಮೇಲಿಟ್ಟು ನೋಡುವ ದೂರದರ್ಶಕ) ಇರುವವರ ಜೊತೆ ಹೋದರೆ ಸ್ವರ್ಗ. ಚಿಕ್ಕ ಮಕ್ಕಳಿಗೆ ಅರ್ಧ ಗಂಟೆಯಲ್ಲಿ ಬೇಜಾರಾಗುತ್ತದೆ. ಡಿಸೆಂಬರ್, ಜನವರಿ ಸರಿಯಾದ ಕಾಲ. ಫೆಬ್ರವರಿ ಕಳೆಯುತ್ತಿದ್ದಂತೆ ಹೊರಡಲು ಶುರು ಮಾಡುತ್ತವೆ.

ಅಂಕಸಮುದ್ರ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಳೆಯ ನೀರಾವರಿ ಕೆರೆ, 98.76 ಹೆಕ್ಟೇರ್. ನೀರಿನ ನಡುವೆ ನಿಂತ ಜಾಲಿ ಮರಗಳಲ್ಲಿ ಕೊಕ್ಕರೆ, ಕೆಂಬರಲುಗಳ ವಸತಿ. ಮಾಗಡಿ ಮತ್ತು ಅಂಕಸಮುದ್ರ ಎರಡೂ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿದವು. ಹಂಪಿಗೆ ಹೇಗೂ ಹೋಗುವವರಿಗೆ ಅಂಕಸಮುದ್ರ ಹೇಳಿ ಮಾಡಿಸಿದ್ದು. ಮೂರು ದಿನ ಕಲ್ಲು ನೋಡಿ ದಣಿದ ಕಣ್ಣಿಗೆ ಒಂದು ಬೆಳಗು ನೀರು, ಹಕ್ಕಿ.

ಅದೇ 2024ರಲ್ಲಿ ಅವುಗಳ ಜೊತೆ ಪಟ್ಟಿಗೆ ಸೇರಿದ ಇನ್ನೊಂದು ಜಾಗ ಕುಮಟಾ ಹತ್ತಿರದ ಅಘನಾಶಿನಿ ಅಳಿವೆ. ಇದನ್ನು ಮೇಲಿನವುಗಳ ಪಕ್ಕದಲ್ಲಿ ಇಟ್ಟು ತೂಗುವುದೇ ಕಷ್ಟ. ಇಲ್ಲಿ ಮರದ ತುಂಬ ಗೂಡುಗಳನ್ನು ಹುಡುಕಬೇಡಿ. ಕೆಸರು, ಕಾಂಡ್ಲ (ಮ್ಯಾಂಗ್ರೋವ್) ಗಿಡ, ಉಪ್ಪುನೀರು ನುಗ್ಗುವ ಗಜನಿ ಗದ್ದೆ. ಇಳಿತದ ಹೊತ್ತಿಗೆ ಕೆಸರು ಮೇಲೆ ಬಂದಾಗ ಒಂದು ಕಡೆ ಹೆಂಗಸರು ಬಳಚು (ಚಿಪ್ಪುಮೀನು) ಹೆಕ್ಕುತ್ತಿರುತ್ತಾರೆ, ಇನ್ನೊಂದು ಕಡೆ ಉದ್ದ ಕಾಲಿನ, ಉದ್ದ ಕೊಕ್ಕಿನ ವಲಸೆ ಹಕ್ಕಿಗಳು ಹುಳ ಹೆಕ್ಕುತ್ತಿರುತ್ತವೆ. ಭರತದ, ಅಂದರೆ ಸಮುದ್ರದ ನೀರು ಏರಿದ, ಹೊತ್ತಿಗೆ ಹೋದರೆ ಎಲ್ಲ ನೀರು, ಏನೂ ಇಲ್ಲ. ಹಾಗಾಗಿ ಇಲ್ಲಿ ತಿಂಗಳ ಜೊತೆಗೆ ಗಂಟೆಯನ್ನೂ ನೋಡಬೇಕು. ಊರಿನ ಮೀನುಗಾರರನ್ನು ಕೇಳಿದರೆ ಇಳಿತ ಎಷ್ಟು ಹೊತ್ತಿಗೆ ಎಂದು ಬಾಯಲ್ಲೇ ಹೇಳುತ್ತಾರೆ. ದಡದ ಹಕ್ಕಿಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಂಡುಹಿಡಿಯುವುದು ಪಳಗಿದವರಿಗೂ ತಲೆನೋವು. ಹೊಸಬರು ಇಲ್ಲಿಂದ ಶುರು ಮಾಡಬೇಡಿ. ಆದರೆ ಡಿಸೆಂಬರ್‌ನಲ್ಲಿ ಗೋಕರ್ಣಕ್ಕೆ ಹೋಗಿದ್ದೀರಾ? ತದಡಿಯಿಂದ ಬಾರ್ಜಿನಲ್ಲಿ ಆಚೆ ದಡಕ್ಕೆ ಒಂದು ಸಲ ಹೋಗಿ ಬನ್ನಿ. ಖರ್ಚು ಕಾಫಿಯಷ್ಟೇ.

ದುಡ್ಡು, ಸಾಮಾನು, ಮತ್ತು ಮನೆ ಹತ್ತಿರದ ಕೆರೆ

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಗಾಡಿ ಬಾಡಿಗೆಗೆ ಸುರಿಯುವ ಬದಲು ರೈಲು ನೋಡಿ. ಬೆಂಗಳೂರು–ಮೈಸೂರು ರೈಲುಗಳಲ್ಲಿ ಕೆಲವು ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತವೆ, ಅಲ್ಲಿಂದ ರಂಗನತಿಟ್ಟಿಗೆ ಆಟೋ. ಹೋಗುವಾಗಲೇ ವಾಪಸ್ಸಿಗೂ ಮಾತಾಡಿಕೊಂಡಿರಿ. ಬೆಳ್ಳೂರಿಗೆ ಇಬ್ಬರಾದರೆ ಬೈಕು, ನಾಲ್ವರಾದರೆ ಕಾರು ಹಂಚಿಕೊಳ್ಳುವುದು ಅಗ್ಗ.

ಬೈನಾಕ್ಯುಲರ್ ಕೊಳ್ಳುವವರು 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಎಂದು ಬರೆದದ್ದನ್ನೇ ಕೊಳ್ಳಿ. ಅಂಗಡಿಯವರು 20 ಪಟ್ಟು, 30 ಪಟ್ಟು ಎಂದು ಆಸೆ ತೋರಿಸುತ್ತಾರೆ. ಕೈ ನಡುಗಿದರೆ ಅದರಲ್ಲಿ ಹಕ್ಕಿಯಲ್ಲ, ಭೂಕಂಪ ಕಾಣುತ್ತದೆ. ಬೆಳ್ಳೂರು, ರಂಗನತಿಟ್ಟಿಗೆ ಅದೂ ಬೇಡ, ಮೊದಲ ಸಲ ಹಾಗೇ ಹೋಗಿ. ಫೋನಿನಲ್ಲಿ ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ತೆಗೆದು ಆ ಜಾಗದ ಹೆಸರು ಹಾಕಿದರೆ ಯಾವ ಹಕ್ಕಿ ಯಾವ ತಿಂಗಳು ಎಷ್ಟು ಕಂಡಿದೆ ಎಂದು ಪಟ್ಟಿ ತೋರಿಸುತ್ತದೆ. ಗುಡವಿಗೆ ಹೋಗುವ ಮುಂಚೆ ನಾನು ನೋಡಬೇಕಾಗಿದ್ದದ್ದು ಅದನ್ನೇ.

ಇನ್ನು, ಈ ವಾರವೇ ನೋಡಬೇಕು, ಆದರೆ ಒಂದು ದಿನ ರಜೆಯೂ ಇಲ್ಲ ಅನ್ನುವವರು ಮನೆ ಹತ್ತಿರದ ಕೆರೆಗೆ ಹೋಗಿ. ಬೆಂಗಳೂರಿನ ಜಕ್ಕೂರು, ಮೈಸೂರಿನ ಕುಕ್ಕರಹಳ್ಳಿ, ದಾವಣಗೆರೆಯ ಕುಂದುವಾಡ. ಬೆಳಿಗ್ಗೆ ಆರೂವರೆಗೆ ಹೋಗಿ ಒಂದು ಗಂಟೆ ನಡೆದರೆ ನೀರುಕಾಗೆ, ಕೊಳದ ಬಕ, ಬೆಳ್ಳಕ್ಕಿ, ಹಣೆಗೆ ಬಿಳಿ ನಾಮ ಹಾಕಿಕೊಂಡ ನಾಮದ ಕೋಳಿ, ಜೊಂಡಿನ ನಡುವೆ ಓಡಾಡುವ ಜಂಬುಕೋಳಿ. ನಾಲ್ಕು ಭಾನುವಾರ ಹೀಗೆ ಮಾಡಿ ಹತ್ತು ಹಕ್ಕಿ ಗುರುತು ಹಿಡಿಯಲು ಕಲಿತು ರಂಗನತಿಟ್ಟಿಗೆ ಹೋದವರಿಗೂ, ಏನೂ ಗೊತ್ತಿಲ್ಲದೆ ಹೋದವರಿಗೂ ಆ ಇಪ್ಪತ್ತು ನಿಮಿಷದ ದೋಣಿಯಲ್ಲಿ ಸಿಗುವುದು ಬೇರೆ ಬೇರೆ. ಟಿಕೆಟ್ ಮಾತ್ರ ಒಂದೇ.

ಎಲ್ಲಿಗೇ ಹೋದರೂ ಒಂದು ಮಾತು ಪಾಲಿಸಿ. ಹಾರುವ ಫೋಟೋ ಬೇಕೆಂದು ಚಪ್ಪಾಳೆ ತಟ್ಟಬೇಡಿ, ಕಲ್ಲು ಎಸೆಯಬೇಡಿ, ಡ್ರೋನ್ ಬಿಡಬೇಡಿ. ತಾಯಿ ಗೂಡು ಬಿಟ್ಟು ಎದ್ದರೆ ಬಿಸಿಲಿಗೆ ಎಳೆ ಮರಿ ಒಣಗುತ್ತದೆ, ಗಾಬರಿಗೆ ಕೆಳಗೆ ಬೀಳುತ್ತದೆ. ಕಾಗೆ, ಹದ್ದು ಅದಕ್ಕೇ ಕಾದಿರುತ್ತವೆ.

ಈಗ ಮತ್ತೆ ಆ ಪ್ರಶ್ನೆ. ಅಜ್ಜಿ, ಮಕ್ಕಳು ಎಲ್ಲರೂ ಇದ್ದು, ಜನವರಿಯಿಂದ ಏಪ್ರಿಲ್ ಒಳಗೆ ಒಂದು ವಾರದ ದಿನ ರಜೆ ಸಿಗುವುದಾದರೆ ರಂಗನತಿಟ್ಟು. ಅದೇ ಕಾಲ, ಆದರೆ ಸಾಲು, ಗದ್ದಲ ಆಗುವುದಿಲ್ಲ, ಖರ್ಚೂ ಹಿಡಿತದಲ್ಲಿರಬೇಕು ಅನ್ನುವುದಾದರೆ ಬೆಳ್ಳೂರು. ಮಳೆಗೆ ಅಂಜದವರು ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಗುಡವಿ. ಡಿಸೆಂಬರ್‌ನಲ್ಲಿ ಹುಬ್ಬಳ್ಳಿ ಕಡೆ ಮದುವೆ ಇದ್ದರೆ ಮುಹೂರ್ತದ ಮರುದಿನ ಬೆಳಿಗ್ಗೆ ಮಾಗಡಿ. ಮೇ ಕೊನೆ, ಜೂನ್ ಮೊದಲ ವಾರ ಬಿಡುವಿದೆ ಅನ್ನುವವರಿಗೆ ಮಾತ್ರ ನಾನು ಯಾವ ಹೆಸರೂ ಹೇಳುವುದಿಲ್ಲ. ಆಗ ಬೆಳ್ಳೂರಿನವು ಹೊರಟಿರುತ್ತವೆ, ಗುಡವಿಯವು ಇನ್ನೂ ಮಳೆ ಕಾಯುತ್ತಿರುತ್ತವೆ. ನಿಮ್ಮ ಊರಿನ ಕೆರೆ ಏರಿಯ ಮೇಲೆ ಒಂದು ಗಂಟೆ ನಡೆದು ಬನ್ನಿ, ಆಗಸ್ಟ್‌ಗೆ ಸಾಗರದ ರೈಲು ಬುಕ್ ಮಾಡಿ.